ಬಾಡಿಗೆ ಮನೆಯ ಗೋಡೆಗೊಂದು ಕಟ್ಟಿಗೆ ಪಟ್ಟಿ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬರುವ ಮನೆ ಅಲಂಕಾರದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಚಿತ್ರಗಳು ಚಂದ ಇರುತ್ತವೆ. ಆದರೆ ಅಲ್ಲಿ ಹೇಳುವುದೆಲ್ಲ ಸ್ವಂತ ಮನೆ ಇದ್ದವರಿಗೆ. ಗೋಡೆ ಕೊರೆದು ಶೆಲ್ಫ್ ಕೂಡಿಸಿ, ಒಂದು ಗೋಡೆಗೆ ಬೇರೆ ಬಣ್ಣ ಹೊಡೆಸಿ, ಫಾಲ್ಸ್ ಸೀಲಿಂಗ್ ಹಾಕಿಸಿ ಅಂತ. ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿರುವವರು ಕಡಿಮೆ ಜನರೇ? ವರ್ಗವಾಗಿ ಬಂದ ಬ್ಯಾಂಕಿನವರು, ರೈಲ್ವೆಯವರು, ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ದುಡಿಯುವವರು. ನಮಗೆ ಕೀಲಿ ಕೊಡುವಾಗಲೇ ಮಾಲೀಕರು ಹೇಳುವ ಮೊದಲ ಮಾತು, "ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ."

ನಾನು ಕೇಶ್ವಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇನೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆ. ಮೊಳೆ ಹೊಡೆಯದೆ, ಜಾಸ್ತಿ ಖರ್ಚಿಲ್ಲದೆ ಮನೆ ಚಂದ ಮಾಡುವುದು ನನಗೆ ದಿನದ ಕೆಲಸವೇ ಆಗಿದೆ. ಅದಕ್ಕೆ ಬೇಕಾದದ್ದೆಲ್ಲ ನಮ್ಮ ಭಾಗದಲ್ಲೇ ಇದೆ ಎಂದು ಹೇಳಲಿಕ್ಕೆ ಈ ಪತ್ರ.

ಮೊದಲು ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಹೊದಿಕೆ. ಅದನ್ನು ಹಾಸಲು, ಹೊದೆಯಲು ಮಾತ್ರ ಅಂತ ಯಾಕೆ ಇಟ್ಟುಕೊಳ್ಳಬೇಕು? ನಮ್ಮ ಪಡಸಾಲೆಯ ಬೋಳು ಗೋಡೆ ಮುಚ್ಚಿರುವುದು ಒಂದು ಕೌದಿ. ಹಾಸುವ ಕೌದಿಗೆ ಮೂರು ನಾಲ್ಕು ಪದರ ಬೇಕು. ಗೋಡೆಗೆ ಎರಡೇ ಸಾಕು, ಇಲ್ಲದಿದ್ದರೆ ಭಾರವಾಗಿ ಜೋಲುತ್ತದೆ. ಕೆಳಗಿನ ಪದರಕ್ಕೆ ಹಳೆ ಧೋತರ. ಮೇಲೆ ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆ ಮತ್ತು ಅಂಗಿಯ ತುಂಡುಗಳು. ನಮ್ಮ ಅತ್ತೆಯವರ ಇಳಕಲ್ ಸೀರೆಯ ಒಡಲು ಹರಿದಿತ್ತು, ಟೋಪ್ ತೆನಿ ವಿನ್ಯಾಸದ ಸೆರಗು ಮಾತ್ರ ಹೊಸದರಂತೆ ಇತ್ತು. ಆ ಕೆಂಪು ಸೆರಗನ್ನು ನಡುವೆ ಕೂಡಿಸಿ, ಸುತ್ತ ಉಳಿದ ತುಂಡುಗಳನ್ನು ಹಚ್ಚಿದೆ. ನಾಲ್ಕೂ ಕಡೆ ಕಚ್ಚಾ ಟಾಕೆ ಹಾಕಿ ಬಟ್ಟೆ ಬಿಗಿ ಮಾಡಿಕೊಂಡ ಮೇಲೆ, ದಪ್ಪ ದಾರದಲ್ಲಿ ಬೆರಳಷ್ಟು ಅಂತರ ಬಿಟ್ಟು ಸಾಲು ಸಾಲಾಗಿ ಹೊಲಿಯಬೇಕು. ನನ್ನ ಹತ್ತಿರ ಮೆಷಿನ್ ಇದೆ. ಆದರೂ ಇದನ್ನು ಕೈಯಲ್ಲೇ ಹೊಲಿದೆ. ಆ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುತ್ತದಲ್ಲ, ಕೌದಿಯ ಚಂದ ಇರುವುದೇ ಅಲ್ಲಿ.

ತೂಗು ಹಾಕುವುದು ಹೇಗೆ ಅಂತ ಕೇಳುತ್ತೀರಿ. ಮೇಲಂಚಿಗೆ ಹಿಂದಿನಿಂದ ಒಂದು ನೇಫಾ ಹೊಲಿದು ಬಿದಿರಿನ ಕೋಲು ತೂರಿಸಿದ್ದೇನೆ. ಗೋಡೆಯ ಮೇಲಿನ ಸಜ್ಜಾದಲ್ಲಿ ಪಾತ್ರೆ ತುಂಬಿದ ಟ್ರಂಕ್ ಇದೆ. ಅದರ ಎರಡೂ ಹಿಡಿಕೆಗೆ ಹಗ್ಗ ಕಟ್ಟಿ ಕೋಲನ್ನು ಇಳಿಬಿಟ್ಟಿದ್ದೇನೆ. ಗೋಡೆಗೆ ಒಂದು ಗೀರೂ ಬಿದ್ದಿಲ್ಲ.

ಕಿಟಕಿಗೆ ಸ್ಪ್ರಿಂಗ್ ರಾಡ್ ಒಳ್ಳೆಯದು. ಕಿಟಕಿಯ ಎರಡು ಬದಿಗೆ ಒತ್ತಿಕೊಂಡು ತಾನೇ ನಿಲ್ಲುತ್ತದೆ, ಡ್ರಿಲ್ ಬೇಡ. ಹಗುರ ಪರದೆಗೆ ಮಾತ್ರ. ಹಳೆ ಕಾಟನ್ ಸೀರೆಯನ್ನು ಎರಡು ತುಂಡು ಮಾಡಿ ಅಂಚಿಗೆ ಕಸೂತಿ ಹಾಕಿದರೆ ಅಂಗಡಿಯ ಯಾವ ಪರದೆಯೂ ಅದರ ಮುಂದೆ ನಿಲ್ಲುವುದಿಲ್ಲ. ಕಸೂತಿಯಲ್ಲಿ ಗವಂತಿ ಹೊಲಿಗೆಯನ್ನೇ ಹಾಕಿ. ಅದು ಎರಡೂ ಬದಿಗೆ ಒಂದೇ ಥರ ಕಾಣುತ್ತದೆ, ಹಾಗಾಗಿ ಒಳಗೆ ಕೂತವರಿಗೂ ಹೊರಗೆ ನಿಂತವರಿಗೂ ಚಂದ. ಪಶ್ಚಿಮದ ಕಿಟಕಿಗೆ ಏಪ್ರಿಲ್, ಮೇ ತಿಂಗಳಲ್ಲಿ ಗೋಣಿಚೀಲ ಬಿಚ್ಚಿ ಹೊಲಿದ ಪರದೆ ಹಾಕಿ ನೀರು ಚಿಮುಕಿಸಿದರೆ ಖೋಲಿ ತಂಪಾಗುತ್ತದೆ. ಜೋಳದ್ದೋ ಗೋಧಿಯದೋ ಚೀಲ ತನ್ನಿ. ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಚೀಲ ಬೇಡವೇ ಬೇಡ, ಎಷ್ಟು ಒಗೆದರೂ ಘಾಟು ಹೋಗುವುದಿಲ್ಲ.

ನೆಲಕ್ಕೆ ನವಲಗುಂದದ ಜಮಖಾನ. ದುಡ್ಡು ಕೂಡಿಸಿ ಒಂದೇ ಒಂದು ತೆಗೆದುಕೊಳ್ಳಿ, ಸಣ್ಣದಾದರೂ ಸರಿ. ನಮ್ಮದೇ ಜಿಲ್ಲೆಯ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯುವಂಥದ್ದು. ಮನೆ ಬದಲಿಸುವಾಗ ಸುರುಳಿ ಸುತ್ತಿ ಒಯ್ಯಬಹುದು. ಬಾಡಿಗೆದಾರರಿಗೆ ಇದಕ್ಕಿಂತ ಒಳ್ಳೆ ಆಸ್ತಿ ಯಾವುದಿದೆ?

ಅಂಟಿಸುವ ಹುಕ್ಕುಗಳ ಬಗ್ಗೆ ಒಂದು ಮಾತು. ಟೈಲ್ಸ್, ಗಾಜು, ಎಣ್ಣೆ ಬಣ್ಣದ ಬಾಗಿಲಿಗೆ ಚೆನ್ನಾಗಿ ಹಿಡಿಯುತ್ತವೆ. ಡಿಸ್ಟೆಂಪರ್ ಗೋಡೆಗೆ ಹಚ್ಚಬೇಡಿ, ತೆಗೆಯುವಾಗ ಬಣ್ಣದ ಹಕ್ಕಳೆಯೇ ಕಿತ್ತು ಬರುತ್ತದೆ.

ಇನ್ನು ನೀರಿನ ಬ್ಯಾರಲ್. ದಿನಾ ನಲ್ಲಿ ಬರದ ಓಣಿಗಳಲ್ಲಿ ಅದಿಲ್ಲದ ಮನೆ ಇಲ್ಲ. ಅದರ ಬಾಯಿಗೆ ಬಿಗಿ ಮುಚ್ಚಳ ಹಾಕಿ, ಮೇಲೆ ದುಂಡಗೆ ಕತ್ತರಿಸಿದ ಪ್ಲೈವುಡ್ ಇಟ್ಟು, ನೆಲದವರೆಗೆ ಬಟ್ಟೆ ಹೊದಿಸಿದರೆ ಮೇಜಾಯಿತು. ಮುಚ್ಚಳ ಮಾತ್ರ ಬಿಗಿ ಇರಲಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಲ್ಲೇ.

ಇಷ್ಟೆಲ್ಲ ನಾವು ಮಾಡಿಕೊಳ್ಳುತ್ತೇವೆ. ಮಾಲೀಕರು ಒಂದು ಮಾಡಬೇಕು.

ನಮ್ಮ ಹಿಂದಿನ ಮನೆಯ ಮಾಲೀಕರು ದೇವರ ಫೋಟೊ, ಕ್ಯಾಲೆಂಡರ್ ಹಾಕಿದ್ದ ಮೊಳೆಗಳನ್ನು ತೋರಿಸಿ, ಇಡೀ ಖೋಲಿಯ ಬಣ್ಣದ ಖರ್ಚನ್ನು ಠೇವಣಿಯಲ್ಲಿ ಮುರಿದುಕೊಂಡರು. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ. ಅಷ್ಟು ವರ್ಷ ನಾವು ಅಲ್ಲಿ ಬಾಳಿದ್ದೇ ತಪ್ಪು ಎಂಬಂತೆ ಮಾತಾಡಿದರು. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಕೇಳಬಾರದು ಅಂತ ಅದರಲ್ಲಿದೆ. ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣ ಮಾಲೀಕರ ಪಾಲಿನ ಕೆಲಸ. ನಲ್ಲಿ ವಾಷರ್, ಸ್ವಿಚ್ಚು, ಕಿಟಕಿ ಗಾಜು ನಮ್ಮ ಪಾಲು. ಬಾಡಿಗೆದಾರರೇ ಕೆಡಿಸಿದ್ದರೆ ಮಾತು ಬೇರೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿಕೊಂಡರಷ್ಟೇ ಜಾರಿ. ಆದರೂ ಕರಾರು ಪತ್ರ ಬರೆಯುವಾಗ ಈ ಹಂಚಿಕೆಯನ್ನು ಇಬ್ಬರೂ ಕೂತು ಒಪ್ಪಿಕೊಳ್ಳಬಹುದಲ್ವಾ?

ಅಣ್ಣಿಗೇರಿಯ ನಮ್ಮ ಅಜ್ಜಿ ಮನೆಯಲ್ಲಿ ಯಾರೂ ಮೊಳೆ ಹೊಡೆಯುತ್ತಿರಲಿಲ್ಲ, ಹೊಡೆಯುವ ಅಗತ್ಯವೇ ಇರಲಿಲ್ಲ. ಗೋಡೆ ಕಟ್ಟುವಾಗಲೇ ಗೂಟ ಕೂಡಿಸಿದ್ದರು. ದೀಪಕ್ಕೆ ಮಾಡ ಬಿಟ್ಟಿದ್ದರು. ಸಾಮಾನಿಗೆ ಉದ್ದಕ್ಕೂ ನಾಗಂದಿಗೆ ಇತ್ತು. ಮನೆ ಅಂದರೆ ಅಂಗಿ ತೂಗುತ್ತಾರೆ, ಚೀಲ ತೂಗುತ್ತಾರೆ, ದೇವರ ಪಟ ಹಾಕುತ್ತಾರೆ ಅಂತ ಕಟ್ಟಿದವರಿಗೆ ಗೊತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ನಾಲ್ಕೂ ಕಡೆ ನುಣ್ಣನೆ ಗೋಡೆ, ಮೇಲೆ ಮೊಳೆ ಬೇಡ ಎಂಬ ಕಟ್ಟಪ್ಪಣೆ.

ಮಾಲೀಕರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಬಣ್ಣ ಮಾಡಿಸುವಾಗ ಪ್ರತಿ ಖೋಲಿಯ ಒಂದು ಗೋಡೆಗೆ, ತಲೆಗಿಂತ ಸ್ವಲ್ಪ ಮೇಲೆ, ಮೂರು ಇಂಚು ಅಗಲದ ಕಟ್ಟಿಗೆ ಪಟ್ಟಿಯನ್ನು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂಡಿಸಿ. ಬಾಡಿಗೆದಾರರು ಮೊಳೆಯನ್ನೋ ಹುಕ್ಕನ್ನೋ ಆ ಕಟ್ಟಿಗೆಗೆ ಹೊಡೆದುಕೊಳ್ಳುತ್ತಾರೆ. ನಿಮ್ಮ ಗಿಲಾವು ಉದುರುವುದಿಲ್ಲ. ನಾವು ಬಿಟ್ಟು ಹೋದ ಮೇಲೆ ತೂತಿಗೆ ಪುಟ್ಟಿ ತುಂಬಿ ಪಟ್ಟಿಗಷ್ಟೇ ಬಣ್ಣ ಹಚ್ಚಿದರೆ ಸಾಕು.

ಸಂಪಾದಕರೇ, ನಿಮ್ಮ ಪುಟದಲ್ಲಿ ವಾರಕ್ಕೊಂದು ಸಲವಾದರೂ ಬಾಡಿಗೆ ಮನೆಗೆ ಜಾಗ ಕೊಡಿ. ಮೊಳೆ ಹೊಡೆಯದೆ, ಬಣ್ಣ ಬದಲಿಸದೆ ಮಾಡಿದ್ದನ್ನು ಓದುಗರಿಂದಲೇ ಚಿತ್ರ ಸಮೇತ ಕೇಳಿ ಹಾಕಿ. ನನ್ನ ಕೌದಿಯ ಫೋಟೊ ಕಳಿಸಲು ನಾನು ತಯಾರಿದ್ದೇನೆ.

ಇಂತಿ,
ಒಬ್ಬ ಹೊಲಿಗೆಯವಳು, ಕೇಶ್ವಾಪುರ, ಹುಬ್ಬಳ್ಳಿ