ಬಾಣಂತಿಯ ಮೊಲೆತೊಟ್ಟಿನ ಉರಿಯನ್ನು ಸುಮ್ನೆ ಬಿಡಬೇಡಿ

ಸಂಪಾದಕರೇ,

ಮಗುವಿಗೆ ಹಾಲು ಕುಡಿಸಿದ ಮೇಲೂ ನನ್ನ ಮೊಲೆತೊಟ್ಟು ಉರಿಯುತ್ತಿತ್ತು, ಎದೆಯೊಳಗೆ ಸೂಜಿ ಚುಚ್ಚಿದಂಥ ನೋವು. ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದರು ಮನೆಯಲ್ಲಿ. ಮಗುವಿನ ಕೆನ್ನೆಯ ಒಳಗೆ ಬಿಳಿ ಮಚ್ಚೆಗಳಿದ್ದವು, ಹಾಲು ಅಂದುಕೊಂಡೆವು. ಆದರೆ ಹಾಲಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಅಲ್ವಾ, ಇದು ಹೋಗಲಿಲ್ಲ. ಕ್ಯಾಂಡಿಡಾ ಎಂಬ ಫಂಗಸ್ ಅದು, ನನ್ನ ಉರಿಗೂ ಅದೇ ಕಾರಣ. ವೈದ್ಯರು ಇಬ್ಬರಿಗೂ ಒಟ್ಟಿಗೇ ಔಷಧ ಕೊಟ್ಟರು, ಒಬ್ಬರಿಗೆ ಮಾತ್ರ ಹಾಕಿದರೆ ಇನ್ನೊಬ್ಬರಿಂದ ಮತ್ತೆ ಅಂಟಬಹುದು. ಹಾಲು ಬಿಡಿಸಬೇಕಿಲ್ಲ. ಮಗು ಸರಿಯಾಗಿ ಕಚ್ಚಿಕೊಳ್ಳದಿದ್ದರೂ ತೊಟ್ಟು ನೋಯುತ್ತದೆ, ಹಾಗಾಗಿ ತೋರಿಸದೆ ಮದ್ದು ಹಚ್ಚಬೇಡಿ. ತೊಟ್ಟಿಗೋ ಮಗುವಿನ ಬಾಯಿಗೋ ಜೇನು ಹಚ್ಚುವುದಂತೂ ಬೇಡವೇ ಬೇಡ, ವರ್ಷ ತುಂಬದ ಮಗುವಿಗೆ ಅದು ಅಪಾಯ. 6 ವಾರದ ಲಸಿಕೆಗೆ ಬಂದ ತಾಯಂದಿರನ್ನು ದಾದಿಯರು ‘ಎದೆ ನೋವಿದೆಯಾ’ ಎಂದು ಒಮ್ಮೆ ಕೇಳಲಿ, ಮಗುವಿನ ಬಾಯಿಯನ್ನೂ ನೋಡಲಿ.

– ಒಬ್ಬ ತಾಯಿ, ಶಿವಮೊಗ್ಗ