ಮತ್ತೆ ಸಿಕ್ಕ ಸೊಗಡು

ಮೊನ್ನೆ ಕೋಲಾರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಅವರೆಕಾಯಿ ಕೊಂಡು ತಂದೆ. ಚೀಲ ಸುರಿದ ಕೂಡಲೇ ಸೊಗಡು ಮೂಗಿಗೆ ಬಡಿಯಿತು. ಅಲ್ಲೇ ಕೂತು ಅತ್ತುಬಿಟ್ಟೆ. 2021ರ ಮೇ ತಿಂಗಳಲ್ಲಿ ಕೋವಿಡ್ ಬಂದ ಮೇಲೆ ಇದೇ ಮೊದಲು.

ಜ್ವರ ವಾರಕ್ಕೆ ಇಳಿದಿತ್ತು. ವಾಸನೆ ಮಾತ್ರ ಬರಲಿಲ್ಲ. ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುವವಳು ನಾನು. ಧನಿಯ ಹುರಿಯುವಾಗ ಹದ ಹೇಳುವುದು ಮೂಗು, ಅಲ್ವಾ? ಮೆಂತ್ಯ ಎರಡು ಸಲ ಸೀದುಹೋಯಿತು. ಒಮ್ಮೆ ಗ್ಯಾಸ್ ಸೋರುತ್ತಿದ್ದರೂ ನನಗೆ ಗೊತ್ತೇ ಆಗಲಿಲ್ಲ. ಅವತ್ತಿನಿಂದ ನಮ್ಮ ಅತ್ತಿಗೆ ಪ್ರತಿ ಬಾಣಲೆಯ ಮುಂದೆ ನಿಂತು "ಈಗ ಇಳಿಸಮ್ಮ" ಎನ್ನುತ್ತಿದ್ದರು. ಒಂದು ದಿನವೂ ಬೇಸರಪಡಲಿಲ್ಲ. ಅತ್ತಿಗೆ, ನಿಮ್ಮ ಋಣ ದೊಡ್ಡದು.

ಆಗ ಲೆಕ್ಕವೂ ತಪ್ಪುತ್ತಿತ್ತು. ಯಾರಿಗೆ ಎಷ್ಟು ಕಿಲೋ ಅಂತ ಮರೆಯುತ್ತಿದ್ದೆ. ಅಷ್ಟರಲ್ಲಿ ಒಂದು ಸುದ್ದಿ ಓದಿದೆ. ಬ್ರಿಟನ್ನಿನಲ್ಲಿ 785 ಜನರ ಮೆದುಳನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿದ್ದರು. ಎರಡು ಸ್ಕ್ಯಾನ್‌ಗಳ ನಡುವೆ 401 ಜನರಿಗೆ ಕೋವಿಡ್ ಬಂದಿತ್ತು. ಅವರಲ್ಲಿ ವಾಸನೆಗೆ ಸಂಬಂಧಪಟ್ಟ ಭಾಗಗಳು ಉಳಿದವರಿಗಿಂತ ಜಾಸ್ತಿ ಸವೆದಿದ್ದವು. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಇಎನ್‌ಟಿ ಡಾಕ್ಟರಮ್ಮ ಅರ್ಧ ಗಂಟೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಆ ಸವೆತ ಸರಾಸರಿ ನೂರಕ್ಕೆ ಎರಡರ ಒಳಗೇ ಇತ್ತು. ವೈರಸ್ ಹೆಚ್ಚಾಗಿ ಹೊಡೆಯುವುದು ಮೂಗಿನೊಳಗೆ ವಾಸನೆಯ ನರಕೋಶಗಳನ್ನು ಪೋಷಿಸುವ ಜೀವಕೋಶಗಳನ್ನು. ಆ ನರಕೋಶಗಳು ಮತ್ತೆ ಹುಟ್ಟುತ್ತವೆ. ಆದರೆ ಮೂಗಿನಿಂದ ಏನೂ ಬಾರದಿದ್ದರೆ ಮೆದುಳಿನ ಆ ಜಾಗ ಸೊರಗಬಹುದು. "ಅದಕ್ಕೆ ದಿನಾ ಕೆಲಸ ಕೊಡಿ" ಎಂದರು. ಆ ಮಾತಿಗೆ ಕೈಮುಗಿಯುತ್ತೇನೆ.

ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಆ ವಾಸನೆಯನ್ನೇ ನೆನೆಯುತ್ತಾ ಮೂಸಬೇಕು. ನೀಲಗಿರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಗುಲಾಬಿಯನ್ನು ಪಕ್ಕದ ಮನೆಯ ಅಕ್ಕ ತಮ್ಮ ಕುಂಡದಿಂದ ಕೊಡುತ್ತಿದ್ದರು. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ ಕಾಫಿ ಸುಟ್ಟ ರಬ್ಬರಿನಂತೆ ನಾರತೊಡಗಿತು. ವಾಸನೆ ಹೀಗೆ ಕೆಟ್ಟು ಬರುವುದೂ ವಾಸಿಯಾಗುವ ಸೂಚನೆ ಇರಬಹುದು ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ನನ್ನ ಮಗಳು ಆ ಅಷ್ಟೂ ದಿನ ಮನೆಯಲ್ಲಿ ಕಾಫಿ ಕುಡಿಯಲಿಲ್ಲ. ಸೀದ ಪುಡಿ ವಾಪಸ್ ಕೊಟ್ಟು "ಇನ್ನೊಮ್ಮೆ ಮಾಡಿ ಕೊಡಿ, ಕಾಯ್ತೀವಿ" ಎಂದ ಗಿರಾಕಿಗಳನ್ನೂ ಮರೆಯಲಾರೆ.

ಭಾನುವಾರ ಹಿತಕಬೇಳೆ ಸಾರು, ಮುದ್ದೆ. ಎಲ್ಲರೂ ಬನ್ನಿ. ಅತ್ತಿಗೆ, ನೀವು ಮಾತ್ರ ಒಲೆ ಹತ್ತಿರ ಬರಬೇಡಿ, ಎಲೆ ಮುಂದೆ ಕೂತ್ಕೊಳ್ಳಿ.