ಕೊರತೆಯ ಜೊತೆಗೆ ಉದ್ಯೋಗದ ಲೆಕ್ಕವನ್ನೂ ಕೇಳಿ: ಹಾಸನದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಕೇಂದ್ರ ಬಜೆಟ್ ಮಂಡನೆಯಾದಾಗಲೆಲ್ಲ ವಿತ್ತೀಯ ಕೊರತೆ, ಅಂದರೆ ಸರ್ಕಾರ ಆದಾಯ ಮೀರಿ ಸಾಲ ಮಾಡಿ ತುಂಬಿಸುವ ಖರ್ಚು, ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇಕಡಾ ಎಷ್ಟಕ್ಕೆ ಇಳಿಯಿತು ಎಂಬುದೇ ದೊಡ್ಡ ಸುದ್ದಿಯಾಗುತ್ತದೆ. ಆ ಇಳಿಕೆಯಿಂದ ಅರಸೀಕೆರೆಯಲ್ಲೋ ಕಡೂರಿನಲ್ಲೋ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿಗೆ ತಪ್ಪಿತು ಎಂದು ಕೇಳುವವರು ವಿರಳ. ಅದನ್ನು ತಾವು ಸದನದಲ್ಲಿ ಕೇಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಒಂದು ಸಂಸಾರಕ್ಕೆ ಸರಿ. ಸರ್ಕಾರದ ವೆಚ್ಚವಾದರೋ ಒಬ್ಬರ ಕೂಲಿ, ಇನ್ನೊಬ್ಬರ ವ್ಯಾಪಾರ. ಜನರೂ ಉದ್ದಿಮೆಗಳೂ ಖರ್ಚು ಬಿಗಿಹಿಡಿದ ಹೊತ್ತಿನಲ್ಲಿ ಸರ್ಕಾರವೂ ಕೈ ಬಿಗಿ ಮಾಡಿದರೆ ಬೇಡಿಕೆ ಕುಸಿಯುತ್ತದೆ, ಕೆಲಸ ಹೋಗುತ್ತದೆ, ತೆರಿಗೆಯೂ ಇಳಿದು ಯಾವ ಕೊರತೆಯನ್ನು ತಗ್ಗಿಸಬೇಕೆಂದು ಹೊರಟೆವೋ ಅದೇ ತಗ್ಗದೆ ಉಳಿಯಬಹುದು. 2020-21ರ ಸಾಂಕ್ರಾಮಿಕದ ವರ್ಷ ಕೇಂದ್ರದ ಕೊರತೆ ಜಿಡಿಪಿಯ ಶೇ 9ನ್ನು ದಾಟಿತು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಬಜೆಟ್‌ನಲ್ಲಿ ಇಟ್ಟಿದ್ದ 61,500 ಕೋಟಿ ರೂಪಾಯಿಗೆ ಅದೇ ವರ್ಷದ ಮೇ ತಿಂಗಳಲ್ಲಿ ಮತ್ತೆ 40,000 ಕೋಟಿ ಘೋಷಿಸಲಾಯಿತು. ನಗರಗಳಿಂದ ಬರಿಗೈಯಲ್ಲಿ ಮರಳಿದವರಿಗೆ ಊರಿನಲ್ಲೇ ಕೆರೆ, ಬದು, ಕಾಲುವೆಗಳ ಕೆಲಸ ಕೊಡಲು ನೆರವಾದದ್ದು ಆ ಹಣ. ಅದು ಸರಿಯಾದ ಕೊರತೆ ಎಂದೇ ನನ್ನ ದೃಢ ಅಭಿಪ್ರಾಯ.

ಆದರೆ ಎಲ್ಲ ಸಾಲವೂ ಉದ್ಯೋಗವಾಗುವುದಿಲ್ಲ. 2025-26ರ ಬಜೆಟ್ ಅಂದಾಜಿನಲ್ಲಿ ಕೇಂದ್ರದ ಕೊರತೆ 15.69 ಲಕ್ಷ ಕೋಟಿ ರೂಪಾಯಿ, ಜಿಡಿಪಿಯ ಶೇ 4.4, ಬಡ್ಡಿ ಪಾವತಿಯೊಂದೇ 12.76 ಲಕ್ಷ ಕೋಟಿ. ಇಷ್ಟು ಬಡ್ಡಿ ಹೊತ್ತಮೇಲೆ ಹೊಸ ಸಾಲ ಎಲ್ಲಿಗೆ, ಯಾವ ತಿಂಗಳಲ್ಲಿ ಹೋಗುತ್ತದೆ ಎಂಬುದು ಅದರ ಮೊತ್ತದಷ್ಟೇ ಮುಖ್ಯ. ನಮ್ಮ ಕ್ಷೇತ್ರವನ್ನೇ ನೋಡಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯಲು ಆಳು ಸಿಗುವುದೇ ಕಷ್ಟ. ಆಗ ಅಲ್ಲಿ ಸರ್ಕಾರಿ ಕಾಮಗಾರಿ ಹೆಚ್ಚಿಸಿದರೆ ಇರುವ ಆಳುಗಳಿಗಾಗಿ ಪೈಪೋಟಿಯೂ ಅದರಿಂದ ಬೆಲೆಯೂ ಏರುತ್ತವೆಯೇ ಹೊರತು ಹೊಸ ಕೆಲಸ ಅಷ್ಟಾಗಿ ಹುಟ್ಟುವುದಿಲ್ಲ. ಮಳೆಗೆ ಮುಂಚಿನ ಬೇಸಿಗೆಯಲ್ಲಿ, ಬಯಲುಸೀಮೆಯ ಅರಸೀಕೆರೆ, ಕಡೂರು ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಕೆಲಸವಿಲ್ಲದೆ ಕೈಗಳು ಬಿಡುವಾಗಿರುವಾಗ ಅದೇ ಹಣ ಕೆರೆಯ ಹೂಳೆತ್ತಲು ಹೋದರೆ ಕೂಲಿಯೂ ಸಿಗುತ್ತದೆ, ಮುಂದಿನ ಮಳೆಗೆ ನೀರು ನಿಲ್ಲುವ ಜಾಗವೂ ಉಳಿಯುತ್ತದೆ. ಕೊರತೆ ಬೆಲೆಯೇರಿಕೆಯಾಗುವುದೋ ಉದ್ಯೋಗವಾಗುವುದೋ ಎಂಬುದು ಬಹುಮಟ್ಟಿಗೆ ಈ ಬಿಡುವಾದ ಕೈಗಳಿವೆಯೇ ಎಂಬುದರ ಮೇಲೆ ನಿಂತಿದೆ.

ಇದನ್ನು ರಾಜ್ಯವೇ ನೋಡಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. 2002ರಲ್ಲೇ ಆರ್ಥಿಕ ಹೊಣೆಗಾರಿಕೆ ಕಾಯ್ದೆ ತಂದ ಕರ್ನಾಟಕಕ್ಕೆ ಸಾಲದ ಮಿತಿಯಿದೆ. ಕೇಂದ್ರದ ಸಾಲ ಬಾಕಿಯಿರುವವರೆಗೆ ಸಂವಿಧಾನದ 293ನೇ ವಿಧಿಯಂತೆ ಹೊಸ ಸಾಲಕ್ಕೆ ಅದರ ಒಪ್ಪಿಗೆಯೂ ಬೇಕು. ಹಿಂಜರಿತದ ಕಾಲದಲ್ಲಿ ಹೆಚ್ಚು ಹೊರೆ ಹೊರಬಲ್ಲದ್ದು ಕೇಂದ್ರವೇ.

ಆದ್ದರಿಂದ, ಬಜೆಟ್ ಜೊತೆಗೆ ಜಿಲ್ಲಾವಾರು ಉದ್ಯೋಗದ ಅಂದಾಜನ್ನೂ ಮಂಡಿಸುವಂತೆ, ರಾಜಸ್ವ ಕೊರತೆಗೆ (ಸಂಬಳ, ಬಡ್ಡಿಯಂಥ ನಿತ್ಯದ ಖರ್ಚಿಗೆ ಆದಾಯ ಸಾಲದೆ ಬೀಳುವ ಕೊರತೆಗೆ) ಹೋದ ಸಾಲವನ್ನೂ ಆಸ್ತಿ ಕಟ್ಟಲು ಹೋದ ಸಾಲವನ್ನೂ ಉದ್ಯೋಗದ ಲೆಕ್ಕದೊಂದಿಗೆ ಬೇರೆಬೇರೆಯಾಗಿ ತೋರಿಸುವಂತೆ ತಾವು ಹಣಕಾಸು ಸಚಿವಾಲಯವನ್ನು ಒತ್ತಾಯಿಸಬೇಕು. ಅಲ್ಲಿಂದ ಬರುವ ಉತ್ತರವನ್ನು ಕ್ಷೇತ್ರದ ಪ್ರತಿ ತಾಲ್ಲೂಕು ಪಂಚಾಯಿತಿಗೂ ಕನ್ನಡದಲ್ಲಿ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಾಸನ ಕ್ಷೇತ್ರದ ಒಬ್ಬ ಮತದಾರ